ಕುಗ್ಗಿದ ಮೆಟ್ಟು

ದೂರದ ಸೀಮೆಯ ಒಂದೂರಲ್ಲಿ ಒಬ್ಬ ಪಂಡಿತ ಇದ್ದ. ಅವನ ಸಿರಿವಂತಿಕೆಯೆಲ್ಲ ಹಳೆಯ ಮೆಟ್ಟುಗಳಲ್ಲಿ. ನಗಬೇಡಿ, ತಾಯಂದಿರೇ. ನೋಡಿ, ಬಹಳ ಹಿಂದೆ ಆ ಸೀಮೆಯನ್ನು ರೋಮಿನ ದೊರೆಗಳು ಆಳುತ್ತಿದ್ದರು. ಅವರು ಕಟ್ಟಿಸಿದ ಕೋಟೆಯೊಂದರ ಕಂದಕದಲ್ಲಿ, ಗಾಳಿಯಾಡದ ಒದ್ದೆ ಕೆಸರಿನೊಳಗೆ, ಅಂದಿನವರು ಸವೆಸಿ ಬಿಸಾಡಿದ ತೊಗಲಿನ ಮೆಟ್ಟುಗಳು ಕೊಳೆಯದೆ ಉಳಿದಿದ್ದವು. ಅವುಗಳನ್ನು ಅಗೆದು ತೆಗೆದು, ಯಾವುದನ್ನು ಯಾರು ಹಾಕಿಕೊಂಡಿದ್ದರು ಎಂದು ಹೇಳುವುದೇ ಈ ಪಂಡಿತನ ಕಸುಬು.

ಅವನು ಪ್ರಾಯದಲ್ಲೇ ಒಂದು ಮಾತು ಹೇಳಿ ಹೆಸರು ಮಾಡಿದ್ದ. 'ಈ ಕೋಟೆಯೊಳಗೆ ಇದ್ದವರು ಸಿಪಾಯಿಗಳು ಮಾತ್ರ.' ಆ ಮಾತು ಶಾಲೆಯ ಪಾಠಕ್ಕೂ ಹೋಯಿತು. ದೊಡ್ಡ ಮೆಟ್ಟು ಸಿಕ್ಕರೆ ಸಿಪಾಯಿಯದು. ಸಣ್ಣದು ಸಿಕ್ಕರೆ? ಅದೂ ಸಿಪಾಯಿಯದೇ! 'ಒದ್ದೆ ತೊಗಲು ಒಣಗಿದರೆ ಕುಗ್ಗುತ್ತದೆ, ಇದೂ ಕುಗ್ಗಿದೆ' ಎನ್ನುತ್ತಿದ್ದ. ತೊಗಲು ಕುಗ್ಗುವುದು ಸುಳ್ಳಲ್ಲ. ಆದರೆ ಎಷ್ಟು ಕುಗ್ಗೀತು? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ಯಾರು ತಿಳಿಹೇಳಬೇಕು?

ಒಂದು ಮಧ್ಯಾಹ್ನ ಅವನ ಜೊತೆ ಕೆಲಸ ಮಾಡುತ್ತಿದ್ದ ಹೆಂಗಸು ಒಂದು ಮೆಟ್ಟಿನ ಕೆಸರು ತೊಳೆದು ತಂದು ಅವನ ಅಂಗೈ ಮೇಲಿಟ್ಟಳು. ಅಂಗೈಯೂ ತುಂಬಲಿಲ್ಲ. ಆದರೂ ಅದರಡಿಯಲ್ಲಿ ಸಿಪಾಯಿಗಳ ಮೆಟ್ಟಿಗೆ ಹೊಡೆಯುವಂಥವೇ ಕಬ್ಬಿಣದ ಮೊಳೆಗಳು.

"ಸರ್, ಇದನ್ನೂ ಕುಗ್ಗಿದ್ದು ಅಂತಾನೇ ಎತ್ತಿಡ್ಲಾ?" ಎಂದಳು.

ಅವಳು ಕುಹಕಕ್ಕೆ ಕೇಳಿದ್ದಲ್ಲ, ಅಲ್ಲಿನ ರೂಢಿಯೇ ಹಾಗಾಗಿತ್ತು. 'ಹೂಂ' ಎನ್ನಲು ಬಾಯಿ ತೆರೆದವನು ಯಾಕೋ ಕಿರುಬೆರಳನ್ನು ಅದರೊಳಗೆ ಹಾಕಿದ. ಒಳ ಅಟ್ಟೆಯ ಮೇಲೆ ಐದು ಪುಟ್ಟ ಕಾಲ್ಬೆರಳುಗಳು ಒತ್ತಿದ ತಗ್ಗು ಕೈಗೆ ಹತ್ತಿತು. ಹೊರಳಿಸಿ ನೋಡಿದ. ತುದಿಯ ಮೊಳೆಗಳು ಸವೆದಿದ್ದವು. ಈ ಮಗು ನಡೆದಿದೆ, ಓಡಿದೆ! ಮಗು ಓಡಿದರೆ 'ಬಿದ್ದೀಯೇ' ಎಂದು ಹಿಂದೆಯೇ ಕೂಗುವ ತಾಯಿ ಇರಲೇಬೇಕಲ್ಲವೇ? ಹಾಗಾದರೆ ತಾನು ಕುಗ್ಗಿದ್ದೆಂದು ಮೂಲೆಗೆ ತಳ್ಳಿದ ಅಷ್ಟೂ ಮೆಟ್ಟುಗಳು ಯಾರವು? ಕೋಟೆಯಲ್ಲಿ ಬದುಕಿ ಬಾಳಿದ ಹೆಂಗಸರನ್ನೆಲ್ಲ ಇಲ್ಲವೆಂದವನು ತಾನೇ. ಒಪ್ಪಿಕೊಂಡರೆ ಜೀವಮಾನದ ಹೆಸರು ಮಣ್ಣುಪಾಲು. ಒಪ್ಪದಿದ್ದರೆ ಆ ತಾಯಿ, ಆ ಮಗು ಇನ್ನೊಮ್ಮೆ ಮಣ್ಣುಪಾಲು.

"ಬೇಡಮ್ಮ," ಎಂದ. "ಇದು ಕುಗ್ಗಿಲ್ಲ, ಇದ್ದಷ್ಟೇ ಇದೆ. ಮೂಲೇಲಿರೋ ಸಣ್ಣವನ್ನೆಲ್ಲ ಹೊರಗೆ ತೆಗಿ. ಇಲ್ಲಿ ಹೆಂಗಸರು ಮಕ್ಕಳು ಇದ್ರು, ನಾನು ಹೇಳಿದ್ದು ತಪ್ಪು ಅಂತ ಪಂಡಿತರ ಸಭೇಲಿ ನಾನೇ ಹೇಳ್ತೀನಿ."

ಹೇಳಿದ. ಕೆಲವರು ನಕ್ಕರು. ಅವನು ತಲೆ ತಗ್ಗಿಸಿ ನಿಂತ, ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಪಂಡಿತ ದಡ್ಡ ಎಂದುಕೊಂಡಿರಾ? ನಿಮ್ಮ ಮನೆಗೇ ಬನ್ನಿ. ಯಾರೋ ಬಾಗಿಲು ತಟ್ಟಿ 'ಮನೇಲಿ ಯಾರಿದ್ದೀರಿ?' ಎನ್ನುತ್ತಾರೆ. ಒಳಗೆ ಅತ್ತೆ ಅಕ್ಕಿ ಆರಿಸುತ್ತಿದ್ದಾಳೆ, ಮಗಳು ಓದುತ್ತಿದ್ದಾಳೆ. ಸೊಸೆ ಕೈ ಒರೆಸಿಕೊಂಡು ಬಂದು ಏನನ್ನುತ್ತಾಳೆ? 'ಯಾರೂ ಇಲ್ಲ.' ಯಾರೂ ಇಲ್ಲ! ಗಂಡಸರು ಹೊರಗೆ ಹೋಗಿದ್ದಾರೆ ಎಂಬುದಕ್ಕೆ ನಾವು ಇಟ್ಟುಕೊಂಡ ಮಾತು ಇದು. ಇದನ್ನು ಅವಳ ಬಾಯಿಗೆ ಹಾಕಿದವರು ಯಾರು? ನಾವೇ ಅಲ್ಲವೇ? ನನಗೆ ಇದನ್ನು ಕೇಳಿದಾಗಲೆಲ್ಲ ಕರುಳು ಹಿಂಡುತ್ತದೆ.

ಅಣ್ಣಂದಿರೇ, ಇನ್ನು ಮನೆಯಲ್ಲಿ ಏನೇ ಮಾತುಕತೆ ನಡೆಯಲಿ, ಮನೆಯ ಹೆಂಗಸನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವಳ ಮಾತು ಕೇಳಿದ ಮೇಲೆಯೇ ಏಳಿ. ತಾಯಂದಿರೇ, ನಾಳೆ ಯಾರಾದರೂ ಬಾಗಿಲಲ್ಲಿ ನಿಂತು ಕೇಳಿದರೆ, ಬಾಯ್ತುಂಬ ಹೇಳಿ: 'ನಾನಿದ್ದೀನಿ, ಬನ್ನಿ.'