ಅಣ್ಣ ತೋರಿಸಿದ ಹೆಣ್ಣು

೨೦೦೮ರಲ್ಲಿ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದು. ಹುಡುಗಿಯೊಬ್ಬಳು ಅಣ್ಣನನ್ನು ತರಾಟೆಗೆ ತೆಗೆದುಕೊಂಡಿದ್ದಳು.

“ಪುಣೆಯ ಹುಡುಗ ನಿನ್ನೆ ಕಂಪ್ಯೂಟರಲ್ಲಿ ಎನ್ನ ನೋಡಿದ್ನಡ. ನಿನ್ನೆ ಆನು ದೊಡ್ಮನೆ ಊರಲ್ಲಿ ಇದ್ದಿದ್ದಿ!”

“ಗಗನಾ, ಮೆಲ್ಲಗೆ ಮಾತಾಡು. ಕಂಪ್ಯೂಟರಿಗೆ ಸುಳ್ಳು ಕ್ಯಾಮೆರಾದ ಡ್ರೈವರ್ ಸಾಫ್ಟ್‌ವೇರ್ ಹಾಕ್ದಿ. ಅದ್ರಲ್ಲಿ ನಿನ್ನ ಹಳೇ ವಿಡಿಯೋ ಬಿಟ್ಟಿ. ಅಂವ ಲೈವ್ ಹೇಳಿ ತಿಳ್ಕಂಡ.”

“ಈ ಸಂಬಂಧ ಬೇಡ ಹೇಳಿ ಆನು ಮೊದಲೇ ಹೇಳಿದ್ದಿ!”

“ಹುಡುಗ ಒಳ್ಳೆಯವ.”

“ಅಂವ ಮಾತಾಡ್ಸಿದ್ನಿಲ್ಯಾ?”

“ಮೈಕ್ ಹಾಳಾಯ್ದು ಹೇಳಿ ನಿನ್ನ ಬದಲಿಗೆ ಆನೇ ಟೈಪ್ ಮಾಡ್ದಿ.”

“ಎಂತ ಟೈಪ್ ಮಾಡ್ದೆ?”

ಅಣ್ಣ ತಲೆ ತಗ್ಗಿಸಿದ. “‘ನೀವು ನಂಗಿಷ್ಟ’ ಹೇಳಿ.”

“ನಡೆ ಸೈಬರ್ ಕೆಫೆಗೆ! ಆನೇ ಕ್ಯಾಮೆರಾದೆದುರು ಕೂತು ಹೇಳ್ತಿ, ನಿಂಗಳ ಇಷ್ಟಪಟ್ಟಿದ್ದು ಎನ್ನ ಅಣ್ಣ ಹೇಳಿ.”

“ಮಾನ ತೆಗ್ಯಡ, ತಂಗೀ!” ಎನ್ನುತ್ತ ಅವನು ಅವಳ ಹಿಂದೆ ಓಡಿದ.