ಅಡುಗೆಮನೆಗೂ ಕೇಳುವಷ್ಟು ಗಟ್ಟಿಯಾಗಿ

ಪೂಜ್ಯ ಅಧ್ಯಕ್ಷರೇ, ಮುಂದಿನ ಚಾಪೆಗಳನ್ನು ಅಲಂಕರಿಸಿರುವ ಅತಿಥಿಗಳೇ, ಹಂದಿ ಬೆಂದ ಪರಿಮಳ ಬರುತ್ತಿದ್ದರೂ ಎದ್ದುಹೋಗದೆ ಕುಳಿತಿರುವ ಸಹನಶೀಲ ಸಭಿಕರೇ,

ಮೂವತ್ತು ವರ್ಷ ನಮ್ಮ ವವಾವು ದ್ವೀಪದ ಗಂಡಸರನ್ನು ಗದರಿಸಿ ಬದುಕಿಸಿದ ದಾದಿ ಕಲೊಲೈನೆಯವರನ್ನು ಬೀಳ್ಕೊಡುವ ಸಭೆಯಿದು. ಅವರ ಗುಣಗಾನಕ್ಕೆ ಅರ್ಹರು ಯಾರು? ಎಲ್ಲರಿಗಿಂತ ಹೆಚ್ಚು ಬೈಸಿಕೊಂಡವನು. ಆದ್ದರಿಂದ ನಾನು.

ಎರಡು ವರ್ಷಗಳ ಹಿಂದೆ ಭಗವಂತನ ಕೃಪೆಯಿಂದಲೂ ಈ ತಾಯಿಯ ಹಟದಿಂದಲೂ ನನ್ನ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಪತ್ತೆಯಾಯಿತು. ಆಕ್ಲೆಂಡಿನಲ್ಲಿ ಚಿಕಿತ್ಸೆಯಾಯಿತು. ಗುಣವಾದೆನೆಂದು ಚರ್ಚಿನಲ್ಲಿ ಸ್ತೋತ್ರವನ್ನೂ ಹಾಡಿಸಿದೆ. ಕಳೆದ ತಿಂಗಳು ಅಲ್ಲಿಂದ ಪತ್ರ ಬಂದಿತು. ನನ್ನ ವಂಶವಾಹಿಯಲ್ಲೊಂದು ವ್ಯತ್ಯಾಸವಿದೆಯಂತೆ. ಅದುಳ್ಳವರಲ್ಲಿ ಚಿಕಿತ್ಸೆಯ ನಂತರವೂ ರೋಗ ಮರಳುವ ಸಂಭವ ಹೆಚ್ಚಂತೆ. ಒಡಹುಟ್ಟಿದವರಲ್ಲಿಯೂ ಅವರ ಮಕ್ಕಳಲ್ಲಿಯೂ ಅದು ಇರಬಹುದಂತೆ.

ಆಗ ಕಲೊಲೈನೆ, ಚಿಕಿತ್ಸೆಗೆ ಮುನ್ನ ಕುಟುಂಬದವರ ವಿವರ ಬರೆದು ನಾನು ಕೊಟ್ಟಿದ್ದ ಹಳೆಯ ಅರ್ಜಿಯನ್ನು ತೆಗೆದರು.

"ಏನ್ ಮಾವ, ಅಕ್ಕತಂಗಿಯರ ಜಾಗ ಖಾಲಿ ಬಿಟ್ಟಿದ್ದೀರಿ? ನಿಮ್ಮಕ್ಕ ಸೇಲಾ ಅತ್ತೆ ಆಕಾಶದಿಂದ ಉದುರಿದ್ರಾ?"

"ಅಂಥಾ ಅಂಗದ ಪಕ್ಕ ಅಕ್ಕನ ಹೆಸರು ಹೆಂಗಮ್ಮ ಬರೀಲಿ?"

"ಮರ್ಯಾದೆ ನೋಡ್ಕೊಂಡು ಕೂತ್ರೆ ಅವರ ಹುಡುಗ್ರ ಗತಿ? ನಿಮ್ ಗುಟ್ಟು ನಾನ್ ಬಿಚ್ಚೋ ಹಾಗಿಲ್ಲ. ನೀವೇ ಹೇಳಿ!"

ಹೇಗೆ ಹೇಳಲಿ, ಸಭಿಕರೇ? ಅಕ್ಕನಿರುವ ಕೋಣೆಯಲ್ಲಿ ಸೊಂಟದ ಕೆಳಗಿನ ಮಾತನ್ನಾಡಿದ ತಮ್ಮ ನಮ್ಮಲ್ಲಿ ಹುಟ್ಟಿದ್ದುಂಟೇ? ಅರವತ್ತೆಂಟು ವರ್ಷ ಕಾಪಾಡಿದ ಮರ್ಯಾದೆ. ನಾಲ್ಕು ಭಾನುವಾರ ಅವಳ ಮನೆಗೆ ಹೋದೆ. ನಾಲ್ಕು ಸಲವೂ ಹವಾಮಾನ ಹೇಳಿ ಬಂದೆ.

ಆದರೆ ಇಂದು ಅಕ್ಕ ಈ ಕೋಣೆಯಲ್ಲಿಲ್ಲ. ಗೋಡೆಯಾಚೆ ಅಡುಗೆಮನೆಯಲ್ಲಿದ್ದಾಳೆ. ಕಿಟಕಿ ತೆರೆದಿದೆ. ಧ್ವನಿವರ್ಧಕವನ್ನು ಅತ್ತ ತಿರುಗಿಸಿದವನು ನಾನೇ, ಅಧ್ಯಕ್ಷರು ಕ್ಷಮಿಸಬೇಕು.

ಹಿಂದಿನ ಸಾಲಿನಲ್ಲಿರುವ ಸೋದರಳಿಯಂದಿರಾದ ಸೇಮಿಸಿ, ಕೆಪು! ನನ್ನ ಹಂದಿಗಳನ್ನು, ದೋಣಿಯನ್ನು, ಮದುವೆಯ ಕೋಟನ್ನು ಕೇಳದೆಯೇ ಒಯ್ದಿರಿ. ಮಾವನ ಮನೆಯದೆಲ್ಲ ಅಳಿಯನದೆಂಬುದು ನಮ್ಮ ಧರ್ಮ. ಕೋಟೊಂದನ್ನು ಬಿಟ್ಟರೆ ನಾನು ಯಾವುದಕ್ಕೂ ಗೊಣಗಿದವನಲ್ಲ. ವಂಶವಾಹಿಯ ಈ ವ್ಯತ್ಯಾಸವನ್ನೂ ಒಯ್ದಿದ್ದೀರೋ ಏನೋ, ನಿಮಗೂ ತಿಳಿಯದು. ಶುಕ್ರವಾರದವರೆಗೆ ಕಲೊಲೈನೆ ಚಿಕಿತ್ಸಾಲಯದಲ್ಲಿರುತ್ತಾರೆ. ಹೋಗಿ ಪರೀಕ್ಷೆಗೆ ರಕ್ತ ಕೊಡಿ.

ಒಳಗೆ ಸೌಟಿನ ಸದ್ದು ನಿಂತಿದೆ. ಅಕ್ಕನಿಗೆ ಕೇಳಿಸಿತು. ಇನ್ನು ಊಟಕ್ಕೆ ಬಡಿಸುವಾಗ ಅವಳೂ ನಾನೂ ಗೆಣಸು ಚೆನ್ನಾಗಿ ಬೆಂದಿದೆಯೆಂದಷ್ಟೇ ಮಾತನಾಡುತ್ತೇವೆ.

ಬೈದು ಬದುಕಿಸಿದ ದಾದಿಗೂ, ತೆರೆದಿಟ್ಟ ಆ ಕಿಟಕಿಗೂ ಋಣಿ. ನಮಸ್ಕಾರ.