ಬ್ರೇಕು ಚೆನ್ನಾಗೇ ಇತ್ತು

ಬೇರೆಯವರ ಮಾತನ್ನು ಬರೆಯುತ್ತಿದ್ದೇನೆ, ಕ್ಷಮಿಸಿ. ಕೋರ್ಟಿನ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ವ್ಯಾನ್ ಡ್ರೈವರ್, ಅವನ ಅಕ್ಕ ಕೂತಿದ್ದರು.

“ಪೊಲೀಸರು ಕೈ ಅಡ್ಡ ಹಿಡಿದಾಗ ನಿಲ್ಲಿಸೋಕೆ ನಿಂಗೇನಾಗಿತ್ತೋ?”

“ಸೆಲ್ಫ್ ಸ್ಟಾರ್ಟ್ ಕೆಟ್ಟಿತ್ತಲ್ಲಕ್ಕ. ಎಂಜಿನ್ ಆಫ್ ಮಾಡು ಅಂದಿದ್ರೆ, ಆಮೇಲೆ ತಳ್ಳೋರ್ಯಾರು? ಹಾರನ್ ಹೊಡ್ಕೊಂಡು ಹಂಗೇ ಮುಂದಕ್ಕೆ ಬಿಟ್ಟೆ. ದಿನಾ ಎಲ್ರೂ ಸರೀತಾರೆ.”

“ಸರಿಯೋಕೆ ಅವರೇನು ಎಮ್ಮೆನಾ? ಪಾಪ, ಸೊಂಟ ಮುರ್ಕೊಂಡು ಮಲಗಿದ್ದಾರೆ. ನಿನ್ಮೇಲೆ ಕೊಲೆ ಯತ್ನದ ಕೇಸು. ಒಳಗೇನು ಹೇಳ್ತೀಯ?”

“ಬ್ರೇಕ್ ಫೇಲಾಯ್ತು ಅನ್ನು ಅಂದಿದ್ದಾರೆ ವಕೀಲರು.”

“ಆಗಿತ್ತಾ?”

ಅವನು ತನ್ನ ಬಲಗಾಲನ್ನೇ ನೋಡುತ್ತಾ ಕೂತ.

“ಚೆನ್ನಾಗೇ ಇತ್ತಕ್ಕ. ಒತ್ತಿದ್ರೆ ಸಾಕಿತ್ತು.”

ಅಷ್ಟರಲ್ಲಿ ಒಳಗಿಂದ ಕರೆ ಬಂತು. ಅಕ್ಕ ಅವನ ಕಾಲರ್ ಸರಿಮಾಡಿ ಜೊತೆಗೇ ಒಳಗೆ ಹೋದರು. ಅವನು ಅಲ್ಲಿ ಏನು ಹೇಳಿದನೋ ನನಗೆ ಗೊತ್ತಿಲ್ಲ.